ಏಪ್ರಿಲ್ ಬಿಲ್ಲು ನೋಡಿ ಪ್ಯಾನೆಲ್ ಕೊಳ್ಳಬೇಡಿ

2025ರ ಮೇ ತಿಂಗಳಲ್ಲಿ ಏಪ್ರಿಲ್‌ನ ಕರೆಂಟ್ ಬಿಲ್ಲು ಬಂದ ದಿನ ಮನೆಯವರೆಲ್ಲರ ಮುಖ ಸಪ್ಪಗಾಗಿತ್ತು. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಚ್ಚುಕಡಿಮೆ ನಿಗದಿತ ಶುಲ್ಕವನ್ನಷ್ಟೇ ಕಟ್ಟಿ ರೂಢಿಯಾಗಿದ್ದ ನಮಗೆ 1,850 ರೂಪಾಯಿಯ ಬಿಲ್ಲು. "ಸೂರ್ಯಾನೂ ಸಾಲವಲ್ನಲ್ಲ ನಮಗ" ಅಂದರು ಅತ್ತೆ.

ಸೂರ್ಯನದೇನೂ ತಪ್ಪಿರಲಿಲ್ಲ. ನಮ್ಮೂರು ಇಳಕಲ್ಲಿನ ಬಿಸಿಲು ಎಂದಿನಂತೆಯೇ ಇತ್ತು. ಬದಲಾದದ್ದು ನಮ್ಮ ಮನೆ. 2024ರ ಜೂನ್‌ನಲ್ಲಿ ಮೂರು ಕಿಲೋವ್ಯಾಟ್ ಹಾಕಿಸಿದಾಗ ಮನೆಯಲ್ಲಿದ್ದದ್ದು ನಾವು ಮೂವರು: ನಾನು, ನಮ್ಮ ಮನೆಯವರು, ಅತ್ತೆ. ಆಗ ತಿಂಗಳಿಗೆ ಸರಾಸರಿ 340 ಯೂನಿಟ್ ಖರ್ಚು. ಅದೇ ವರ್ಷ ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಮಗ, ಸೊಸೆ ಇಲ್ಲೇ ಉಳಿದರು. ಮಗನ ಕೆಲಸ ಮನೆಯಿಂದಲೇ, ದಿನವಿಡೀ ಕಂಪ್ಯೂಟರ್. ಜೊತೆಗೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಬಂತು, ಇಂಡಕ್ಷನ್ ಒಲೆ ಬಂತು. ಮಾರ್ಚ್‌ನಲ್ಲಿ ಅತ್ತೆಯ ಕೋಣೆಗೊಂದು, ಮಗನ ಕೋಣೆಗೊಂದು ಎಸಿ ಬಂದವು. ಎಂಬತ್ತು ದಾಟಿದ ಜೀವ ಉತ್ತರ ಕರ್ನಾಟಕದ ಏಪ್ರಿಲ್ ರಾತ್ರಿಯಲ್ಲಿ ನಿದ್ದೆಯಿಲ್ಲದೆ ಹೊರಳಾಡುವುದನ್ನು ನೋಡಿದವರು ಯಾರೂ ಆ ಎಸಿಯನ್ನು ದುಂದುವೆಚ್ಚ ಅನ್ನಲಾರರು.

ಬಿಲ್ಲು ಬಂದ ಸಂಜೆಯೇ ಮಗ ಸೋಲಾರ್ ಹಾಕಿದವರಿಗೆ ಫೋನ್ ಮಾಡಿದ. ಮರುದಿನವೇ ಅವರು ಹಾಜರು. "ಇನ್ನ ಆರ್ ಪ್ಯಾನೆಲ್ ಹಾಕ್ಸಿಬಿಡ್ರಿ ಅಕ್ಕಾರ. ಬೇಕಾದಷ್ಟು ಬಳಸ್ರಿ, ಉಳಿದದ್ದು ಮಾರ್ರಿ. ರೊಕ್ಕ ತಾನಾ ಬರ್ತೈತಿ." ಇರುವುದು ಆರು, ಇನ್ನೂ ಆರು ಸೇರಿಸಿ ಎರಡರಷ್ಟು ಮಾಡುವ ಯೋಜನೆ. ಕೊಟೇಶನ್ 1,65,000 ರೂಪಾಯಿ. ಮಗ ಆಗಲೇ ಒಪ್ಪಿಬಿಟ್ಟಿದ್ದ. ಸೀರೆ ವ್ಯಾಪಾರದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಕೈ ನನ್ನದು. "ದೀಪಾವಳಿ ತನಕ ತಡಿ" ಅಂದೆ.

ಇಲ್ಲಿ ಒಂದು ಮಾತು ಹೇಳಬೇಕು. ಮೊದಲ ಸಲ ಸೋಲಾರ್ ಹಾಕಿಸುವ ಲೆಕ್ಕ ಬೇರೆ, ಎರಡನೇ ಸಲದ್ದು ಬೇರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅಲ್ಲಿಗೆ ಮುಗಿಯಿತು. ನೀವು ಐದು ಹಾಕಿ, ಹತ್ತು ಹಾಕಿ, ಸಿಗುವುದು ಅಷ್ಟೇ. ನಮ್ಮ ಮೊದಲ ಆರು ಪ್ಯಾನೆಲ್‌ಗೆ ಕೊಟ್ಟದ್ದು 1,95,000. ಸಬ್ಸಿಡಿ ಖಾತೆಗೆ ಬಿದ್ದ ಮೇಲೆ ನಮ್ಮ ಕೈಯಿಂದ ಹೋದದ್ದು 1,17,000. ಈಗ ಸೇರಿಸುವ ಪ್ರತಿ ಪ್ಯಾನೆಲ್ಲಿನ ಖರ್ಚು ಪೂರ್ತಿ ನಮ್ಮದೇ. ಬಡ್ಡಿ ಕಡಿಮೆ ಇರುವ ಸಾಲವೂ ಮೂರು ಕಿಲೋವ್ಯಾಟ್‌ವರೆಗಿನವರಿಗೆ. ಅದರಾಚೆ ಬ್ಯಾಂಕಿನ ಲೆಕ್ಕವೇ ಬೇರೆ.

ಹನ್ನೆರಡು ತಿಂಗಳ ಬಿಲ್ಲು ಜೋಡಿಸಿಕೊಂಡು ಕೂತೆ. 2024ರ ನವೆಂಬರ್‌ನಿಂದ 2025ರ ಅಕ್ಟೋಬರ್‌ವರೆಗೆ. ಅಂಗಡಿಯ ಹಳೆ ಖಾತೆ ಪುಸ್ತಕದಲ್ಲೇ ಗೆರೆ ಎಳೆದು ಒಂದು ಕಡೆ ನಾವು ಬಳಸಿದ ಯೂನಿಟ್, ಇನ್ನೊಂದು ಕಡೆ ಪ್ಯಾನೆಲ್ ಕೊಟ್ಟ ಯೂನಿಟ್ ಬರೆದೆ. ಜನವರಿಯಲ್ಲಿ ಬಳಸಿದ್ದು 340, ಬಂದದ್ದು 385. ಫೆಬ್ರುವರಿಯಲ್ಲಿ ಎರಡೂ 390, ಸರಿಗೆ ಸರಿ. ಏಪ್ರಿಲ್‌ನಲ್ಲಿ ಬಳಸಿದ್ದು 610, ಬಂದದ್ದು 425. ಜುಲೈನಲ್ಲಿ ಮೋಡ, ಬಂದದ್ದು ಬರೀ 275, ಬಳಸಿದ್ದು 410. ವರ್ಷಕ್ಕೆ ಒಟ್ಟು ಬಳಕೆ 5,310, ಉತ್ಪಾದನೆ 4,330. ತಿಂಗಳು ತಿಂಗಳು ಕೊರತೆ ಬಿದ್ದದ್ದನ್ನು ಕೂಡಿದರೆ 1,050 ಯೂನಿಟ್.

ನಾವು ಗಾಬರಿಯಾದದ್ದು ಬೇಸಿಗೆಯ ಬಿಲ್ಲು ನೋಡಿ. ಆದರೆ ಪ್ಯಾನೆಲ್ ಬೇಸಿಗೆಯಲ್ಲಷ್ಟೇ ದುಡಿಯುವುದಿಲ್ಲ, ವರ್ಷವಿಡೀ ದುಡಿಯುತ್ತದೆ, ನಮಗೆ ಬೇಡವಾದಾಗಲೂ. ನೆಟ್ ಮೀಟರಿಂಗ್‌ನಲ್ಲಿ ಹಗಲು ಹೊರಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ಒಳಗೆ ತಗೊಂಡ ಯೂನಿಟ್ಟಿಗೆ ಅದೇ ಬಿಲ್ಲಿನಲ್ಲಿ ವಜಾ ಮಾಡುತ್ತಾರೆ. ಅಲ್ಲಿಯವರೆಗೆ ನಮ್ಮ ಯೂನಿಟ್ಟಿಗೆ ಪೂರ್ತಿ ಬೆಲೆ. ವಜಾ ಆಗಿ ಮಿಕ್ಕದ್ದನ್ನು ನಮ್ಮ ವಿದ್ಯುತ್ ಕಂಪನಿ ಹೆಸ್ಕಾಂ ಕೊಳ್ಳುವುದು ಒಪ್ಪಂದದ ದರಕ್ಕೆ. ಸಬ್ಸಿಡಿ ಪಡೆದ ನಮ್ಮ ಒಪ್ಪಂದದಲ್ಲಿ ಆ ದರ, ನಾವು ಒಂದು ಯೂನಿಟ್ಟಿಗೆ ಕೊಡುವುದರ ಅರ್ಧಕ್ಕೂ ಕಡಿಮೆ. ಒಪ್ಪಂದ 25 ವರ್ಷದ್ದು. "ಉಳಿದದ್ದು ಮಾರ್ರಿ" ಅನ್ನುವವರು ಈ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನಾವು ಕೊಡುತ್ತಿದ್ದುದೆಷ್ಟು? 2025-26ರಲ್ಲಿ ಮನೆಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಪಿಂಚಣಿ, ಗ್ರಾಚ್ಯುಟಿ ಬಾಬ್ತು 36 ಪೈಸೆ. ಮತ್ತೆ ಶೇ 9 ತೆರಿಗೆ. ಎಲ್ಲ ಸೇರಿ 6 ರೂಪಾಯಿ 70 ಪೈಸೆಯ ಆಸುಪಾಸು. ಅಂದರೆ 1,050 ಯೂನಿಟ್ ಕೊರತೆಯ ವಾರ್ಷಿಕ ಬೆಲೆ ಸುಮಾರು 7,000 ರೂಪಾಯಿ. ಏಳು ಸಾವಿರದ ನೋವಿಗೆ ಒಂದು ಲಕ್ಷ ಅರವತ್ತೈದು ಸಾವಿರದ ಔಷಧ!

ಇಷ್ಟೇ ಅಲ್ಲ. ಮಂಜೂರಾದ ಲೋಡ್ ಎಷ್ಟಿದೆಯೋ ಸೋಲಾರ್ ಅಷ್ಟರೊಳಗೆ. ಎಸಿ ಬಂದಾಗಲೇ ನಾವು ಲೋಡ್ ಮೂರರಿಂದ ನಾಲ್ಕಕ್ಕೆ ಏರಿಸಿಕೊಂಡಿದ್ದೆವು. ಆರು ಕಿಲೋವ್ಯಾಟ್ ಬೇಕೆಂದರೆ ಇನ್ನೂ ಎರಡು ಏರಬೇಕು. ನಿಗದಿತ ಶುಲ್ಕ 2025-26ರಲ್ಲಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಅದಕ್ಕೂ ಮೊದಲು 120. ಎರಡಕ್ಕೆ ವರ್ಷಕ್ಕೆ 3,480. ಉಳಿಸಿದ ಏಳು ಸಾವಿರದಲ್ಲಿ ಅರ್ಧ ಹೀಗೇ ಹೋಯಿತು. ಮಿಕ್ಕಿ ಮಾರುವ 3,280 ಯೂನಿಟ್ಟಿಗೆ ಉದಾರವಾಗಿ ಮೂರು ರೂಪಾಯಿ ಹಿಡಿದರೂ ಒಟ್ಟು ವರ್ಷಕ್ಕೆ 13,400 ದಾಟುವುದಿಲ್ಲ. ಹಾಕಿದ ಹಣ ಮರಳಲು ಹನ್ನೆರಡು ವರ್ಷದ ಮೇಲೆ. ಅದೇ ಹಣ ಆರೂವರೆ ಬಡ್ಡಿಯ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 10,700 ಬರುತ್ತದೆ, ಅಸಲೂ ಉಳಿಯುತ್ತದೆ.

ಹಾಗಾದರೆ ಸೇರಿಸುವುದೇ ಬೇಡವೇ? ಪುಸ್ತಕದಲ್ಲಿ ಮತ್ತೊಂದು ಗೆರೆ ಎಳೆದೆ. ಆರರ ಬದಲು ಎರಡೇ ಪ್ಯಾನೆಲ್ ಸೇರಿಸಿದರೆ? ತಿಂಗಳು ತಿಂಗಳು ಈಗ ಬರುವುದರ ಮೂರನೇ ಒಂದರಷ್ಟು ಹೆಚ್ಚು ಬರುತ್ತದೆ. ಅದನ್ನು ಆಯಾ ತಿಂಗಳ ಕೊರತೆಗೆ ಹೊಂದಿಸುತ್ತ ಹೋದೆ. ಏಪ್ರಿಲ್‌ನ 185ರಲ್ಲಿ 142 ತುಂಬಿತು, ಜುಲೈನ 135ರಲ್ಲಿ 92, ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ. ಕೂಡಿದಾಗ ಬಂದ ಅಂಕಿಯನ್ನು ಎರಡು ಸಲ ನೋಡಿದೆ: 1,050ರಲ್ಲಿ 850 ಯೂನಿಟ್ ಎರಡೇ ಪ್ಯಾನೆಲ್ಲಿನಿಂದ! ಮಿಕ್ಕ ನಾಲ್ಕು ಪ್ಯಾನೆಲ್ ಸೇರಿ ತುಂಬುವುದು ಬರೀ 200. ಉಳಿದದ್ದೆಲ್ಲ ಅರ್ಧ ಬೆಲೆಗೆ ಮಾರುವ ಮಾಲು. ಇಳಕಲ್ ಸೀರೆ ಮಾರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬನಶಂಕರಿ ಜಾತ್ರೆಯ ಗಿರಾಕಿ ನೋಡಿ ವರ್ಷದ ಮಾಲು ತುಂಬಿದರೆ ಆಷಾಢದಲ್ಲಿ ಅಸಲಿಗಿಂತ ಕಡಿಮೆಗೆ ಕೊಡಬೇಕಾಗುತ್ತದೆ.

ಎರಡು ಪ್ಯಾನೆಲ್ ಎಂದಾಗ ನಮ್ಮ ಮೊದಲ ತಪ್ಪು ಬಯಲಾಯಿತು. ಹಾಕಿದವರು ಮೂರು ಕಿಲೋವ್ಯಾಟ್ ಪ್ಯಾನೆಲ್ಲಿಗೆ ಮೂರರದ್ದೇ ಇನ್ವರ್ಟರ್ ಕೂರಿಸಿದ್ದರು, ಒಂದಿಷ್ಟೂ ಜಾಗ ಬಿಟ್ಟಿರಲಿಲ್ಲ. ಮುಂದೆ ಬೇಕಾದೀತೇ ಎಂದು ಅವರು ಕೇಳಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಬಾಗಲಕೋಟೆ ನವನಗರದಲ್ಲಿರುವ ನನ್ನ ಗೆಳತಿ ಅದೇ ವರ್ಷ ಮೂರು ಕಿಲೋವ್ಯಾಟ್ ಪ್ಯಾನೆಲ್ಲಿಗೆ ಐದರ ಇನ್ವರ್ಟರ್ ಹಾಕಿಸಿದ್ದಳು. ಅವಳು ಅರ್ಜಿ ಹಾಕಿ ಪ್ಯಾನೆಲ್ ತಂದು ಜೋಡಿಸಿದರೆ ಸಾಕು. ನಮಗೆ ಆ ದಾರಿ ಇರಲಿಲ್ಲ. ನಮ್ಮ ಹಳೆಯವು 540 ವಾಟಿನವು, ಹೊಸವು 550ರವು. ಒಂದೇ ಸರದಲ್ಲಿ ಪೋಣಿಸಿದರೆ ಕಡಿಮೆ ಕರೆಂಟ್ ಹರಿಸುವ ಪ್ಯಾನೆಲ್ ಉಳಿದವನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಕೊನೆಗೆ ಹೊಸ ಎರಡಕ್ಕೆ ಬೇರೆಯೇ ಒಂದು ಸಣ್ಣ ಮೈಕ್ರೋ ಇನ್ವರ್ಟರ್ ಹಾಕಿಸಿದೆವು. ಸ್ಟ್ಯಾಂಡು, ವೈರು, ಕೂಲಿ, ಅರ್ಜಿ ಖರ್ಚು ಸೇರಿ 56,000. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿತ್ತು. ಅದಕ್ಕೆ ಮೊದಲಿನ ಕೊಟೇಶನ್ ಕೈಯಲ್ಲಿ ಇಟ್ಟುಕೊಂಡವರು ಹೊಸದು ಕೇಳಿ ತಗೊಳ್ಳಿ.

ಒಬ್ಬರು "ಅರ್ಜಿ ಗಿರ್ಜಿ ಯಾಕ್ರೀ, ಸುಮ್ನ ಎರಡು ಜೋಡಿಸಿಬಿಡೋಣ" ಅಂದರು. ನಾನು ಒಪ್ಪಲಿಲ್ಲ, ಯಾರೂ ಒಪ್ಪಬಾರದು. ಒಪ್ಪಂದದಲ್ಲಿ ಇಷ್ಟು ಕಿಲೋವ್ಯಾಟ್ ಎಂದು ಬರೆದು ಸಹಿ ಮಾಡಿದ್ದೇವೆ. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ನ ಜೀವ ಆ ತಂತಿಯಲ್ಲಿದೆ. ಎಲ್ಲಿಂದ ಎಷ್ಟು ಕರೆಂಟ್ ಹಿಂದಕ್ಕೆ ಬರುತ್ತದೆ ಎನ್ನುವುದು ಇಲಾಖೆಗೆ ಗೊತ್ತಿರಲೇಬೇಕು.

ಈ ಲೆಕ್ಕದಲ್ಲಿ ನಮಗೆ ವರ್ಷಕ್ಕೆ 7,500ದ ಹತ್ತಿರ ಉಳಿತಾಯ, ಏಳೂವರೆ ವರ್ಷಕ್ಕೆ ಹಾಕಿದ್ದು ವಾಪಸ್. ಪ್ಯಾನೆಲ್ ಬಾಳಿಕೆ ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಮನಸ್ಸಿಗೆ ಸಮಾಧಾನ.

ಆದರೆ ಪೈಸೆ ಖರ್ಚಿಲ್ಲದೆ ಸಿಕ್ಕ ಲಾಭವನ್ನೂ ಹೇಳಬೇಕು. ಇಳಕಲ್ ಅಂದರೆ ಸೀರೆಯಷ್ಟೇ ಅಲ್ಲ, ಗ್ರಾನೈಟ್ ಕೂಡ. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳ ಧೂಳು, ಬೇಸಿಗೆಯಲ್ಲಿ ಎರೆಹೊಲದ ಧೂಳು, ಎಲ್ಲ ನಮ್ಮ ಮಾಳಿಗೆಗೆ ಬಂದು ಕೂರುತ್ತದೆ. ಫೆಬ್ರುವರಿಯಲ್ಲಿ ಮದುವೆಗೆಂದು ಹೋಗಿ ಮೂರು ವಾರ ಬಿಟ್ಟು ಬಂದಾಗ ದಿನಕ್ಕೆ 14 ಯೂನಿಟ್ ಕೊಡುತ್ತಿದ್ದ ಪ್ಯಾನೆಲ್ 11ಕ್ಕೆ ಇಳಿದಿತ್ತು. ಬೆರಳಲ್ಲಿ ಗೆರೆ ಎಳೆದೆ. ರೊಟ್ಟಿ ಬಡಿದ ಮೇಲೆ ಕೊಣಮಿಗೆಯಲ್ಲಿ ಉಳಿಯುವ ಹಿಟ್ಟಿನ ಹಾಗೆ ನುಣ್ಣನೆಯ ಪುಡಿ, ಕೆಂಪು ಛಾಯೆಯದ್ದು. ಬೆಳಿಗ್ಗೆ ಆರಕ್ಕೆ, ಗಾಜು ಇನ್ನೂ ತಣ್ಣಗಿರುವಾಗ, ಹಳೆ ನೂಲಿನ ಸೀರೆ ತುಂಡಿನಿಂದ ಒರೆಸಿ ತೊಳೆದೆ. ಮರುದಿನ ಮತ್ತೆ 14. ಬೋರ್ ನೀರು ಗಡಸು, ಹಾಗೇ ಒಣಗಿದರೆ ಬಿಳಿ ಕಲೆ ಬೀಳುತ್ತದೆ. ಅದಕ್ಕೇ ಕೊನೆಗೆ ನಲ್ಲಿ ನೀರಿನಿಂದ ಒಂದು ಸಲ ತೊಳೆದು ಒಣಬಟ್ಟೆ ಆಡಿಸುತ್ತೇನೆ. ಹತ್ತು ದಿನಕ್ಕೊಮ್ಮೆ ಇಪ್ಪತ್ತು ನಿಮಿಷದ ಕೆಲಸ.

ಬಾದಾಮಿಯ ಅಕ್ಕನ ಮನೆಯಲ್ಲಿ ಇನ್ನೊಂದು ಪಾಠ. ಅವರದು ಎರಡು ಕಿಲೋವ್ಯಾಟ್. ಬಿಲ್ಲು ಏರಿತೆಂದು ಅವರಿಗೂ ಹೆಚ್ಚಿಸುವ ಯೋಚನೆ. ಆದರೆ ಮಿಕ್ಕ ಜಾಗವೆಲ್ಲ ಹಳೆಯ ಹಾಸುಗಲ್ಲಿನ ಮಾಳಿಗೆ. ತೂತು ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆ ಎಂದು ಭಾವನವರು ಹಿಂಜರಿದಿದ್ದರು. ಯೂನಿಟ್ ಅಳೆಯುವ ಪ್ಲಗ್ ಮೀಟರ್ ಒಯ್ದು ಅಕ್ಕನ ಹಳೆ ಫ್ರಿಜ್ಜಿಗೆ ಒಂದು ದಿನ ಹಾಕಿಟ್ಟೆ. ಇಪ್ಪತ್ನಾಲ್ಕು ತಾಸಿಗೆ 2.4 ಯೂನಿಟ್. ಹದಿನೆಂಟು ವರ್ಷದ ಫ್ರಿಜ್, ಬಾಗಿಲ ರಬ್ಬರ್ ಸವೆದು ಹೋಗಿತ್ತು. ವರ್ಷಕ್ಕೆ 876 ಯೂನಿಟ್ ಅದೊಂದೇ ನುಂಗುತ್ತಿತ್ತು. 24,000 ಕೊಟ್ಟು ತಂದ ಹೊಸದರ ಲೇಬಲ್ ಮೇಲೆ ವರ್ಷಕ್ಕೆ 200ರ ಆಸುಪಾಸು. ಐದು ವರ್ಷ ದಾಟುತ್ತಲೇ ದುಡ್ಡು ವಾಪಸ್, ನಮ್ಮ ಪ್ಯಾನೆಲ್ಲಿಗಿಂತ ಬೇಗ. ಅಕ್ಕ ಸೋಲಾರ್ ಹೆಚ್ಚಿಸುವ ಮಾತು ಬಿಟ್ಟಳು. ಮಾಳಿಗೆಗೂ ತೂತು ಬೀಳಲಿಲ್ಲ.

ಹಳೆಯದಕ್ಕೆ ಹೊಸದು ಸೇರಿಸುವಾಗಿನ ಎಚ್ಚರ ಬ್ಯಾಟರಿಗೂ ಬೇಕು. ಹುನಗುಂದದ ಸೋದರಮಾವನ ತೋಟದ ಮನೆಯದು ಬ್ಯಾಟರಿ ಸೋಲಾರ್. ನಾಲ್ಕು ವರ್ಷದ ಹಳೆ ಬ್ಯಾಟರಿಯ ಪಕ್ಕ ಹೊಸದೊಂದನ್ನು ಜೋಡಿಸಿದರು. ಹಳೆಯದು ಹೊಸದನ್ನೂ ತನ್ನ ಜೊತೆ ಕುಗ್ಗಿಸಿ, ಎರಡೇ ವರ್ಷದಲ್ಲಿ ಎರಡೂ ಹೋದವು. ಬ್ಯಾಟರಿ ಬದಲಿಸುವುದಾದರೆ ಒಟ್ಟಿಗೆ ಬದಲಿಸಬೇಕು.

ಹೆಚ್ಚಿಸುವುದಿರಲಿ, ಸೋಲಾರ್ ಹಾಕಿಸುವುದೇ ಬೇಡದವರೂ ಇದ್ದಾರೆ. ನಮ್ಮ ಓಣಿಯ ನೇಕಾರರ ಮನೆಗಳಲ್ಲಿ ತಿಂಗಳಿಗೆ 70-80 ಯೂನಿಟ್ ಖರ್ಚು. ಕುಣಿಮಗ್ಗಕ್ಕೆ ಕರೆಂಟ್ ಬೇಡ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಿಂದ ಅವರಿಗೆ ಬಿಲ್ಲೇ ಇಲ್ಲ. ಅಂಥವರ ಬಾಗಿಲಿಗೂ ಹೋಗಿ ಸಾಲ ಮಾಡಿಸಿ ಸೋಲಾರ್ ಹಾಕಿಸುವ ಮಾತಾಡುತ್ತಾರೆ. ಪಕ್ಕದ ಮನೆಯಾಕೆ ಕಾಗದ ಹಿಡಿದು ಕೇಳಲು ಬಂದಾಗ ಕೂರಿಸಿ ಲೆಕ್ಕ ತೋರಿಸಿದೆ: ಬಿಲ್ಲಿಲ್ಲದ ಮನೆಗೆ ಸೋಲಾರ್ ಉಳಿಸುವುದು ಏನನ್ನು? ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಆಕೆ ಸಹಿ ಮಾಡಲಿಲ್ಲ.

ಹೊಸ ಎರಡು ಪ್ಯಾನೆಲ್ ಡಿಸೆಂಬರ್‌ನಲ್ಲಿ ಮಾಳಿಗೆ ಏರಿದವು. ಮಗ ಒಪ್ಪಿದ್ದ 1,65,000 ರೂಪಾಯಿಯ ಬಾಬ್ತಿನಲ್ಲಿ ಮಿಕ್ಕ 1,09,000 ರೂಪಾಯಿಯನ್ನು ಅತ್ತೆಯ ಔಷಧ ಖರ್ಚಿಗೆಂದು ಎಫ್‌ಡಿ ಇಟ್ಟೆವು. ಖಾತೆ ಪುಸ್ತಕದ ಹೊಸ ಪುಟದಲ್ಲಿ ಮತ್ತೆ ಹನ್ನೆರಡು ಸಾಲು ಎಳೆದಿದ್ದೇನೆ. ಸೊಸೆಗೆ ಇನ್ನೊಂದು ಸ್ಕೂಟರ್ ಬೇಕಂತೆ. ಅದರ ಯೂನಿಟ್ಟಿಗೆ ಪಕ್ಕದಲ್ಲೇ ಬೇರೆ ಕಲಂ ಹಾಕಿಟ್ಟಿದ್ದೇನೆ.