ಹಾಲು ಉಕ್ಕಿಸುವ ಮೊದಲು ಮೀಟರ್ ನೋಡಿ

ಹೊಸ ಮನೆಗೆ ಬಂದ ಮೇಲೆ ಮೊದಲ ಕರೆಂಟ್ ಬಿಲ್ ಕೈಗೆ ಸಿಕ್ಕಾಗ ಎಲ್ಲರ ಕಣ್ಣೂ ಹೋಗುವುದು ಕೊನೆಯಲ್ಲಿರುವ ಮೊತ್ತದ ಮೇಲೆ. ನೋಡಬೇಕಾದದ್ದು ಅದಕ್ಕಿಂತ ಮೇಲಿರುವ ಎರಡು ಸಾಲುಗಳನ್ನು: ಹಿಂದಿನ ರೀಡಿಂಗ್, ಈಗಿನ ರೀಡಿಂಗ್. ಎರಡೂ ಕಡೆ ಒಂದೇ ಅಂಕಿ ಇದೆ, ಎಲ್ಲೋ ಒಂದು ಕಡೆ ‘ಡೋರ್ ಲಾಕ್’ ಎಂದಿದೆ, ಆದರೂ ನೂರೈವತ್ತು ಯೂನಿಟ್ ಉರಿಸಿದ್ದೀರಿ ಎಂದು ದುಡ್ಡು ಕೇಳಿದ್ದಾರೆ ಎಂದರೆ ಅದು ಸರಾಸರಿ ಬಿಲ್. ಯಾರ ಸರಾಸರಿ? ಆ ಮನೆಯ ಸಂಪರ್ಕದ ಆರ್‌ಆರ್ ನಂಬರಿನದು, ಅಂದರೆ ನಿಮಗಿಂತ ಮುಂಚೆ ಅಲ್ಲಿದ್ದವರದು. ಅವರ ಗೀಸರ್, ಅವರ ಎಸಿ, ಅವರ ಮನೆಯ ಆರು ಜನ. ನೀವು ಇಬ್ಬರೇ ಇದ್ದು ಒಲೆಯ ಮೇಲೆ ನೀರು ಕಾಯಿಸಿಕೊಂಡರೂ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಇಂಥ ಬಿಲ್ ಹಿಡಿದು ವಕೀಲರ ಬಳಿ ಬರುವವರಲ್ಲಿ ಹೆಚ್ಚಿನವರ ಕಡೆ ನ್ಯಾಯ ಇರುತ್ತದೆ, ಪುರಾವೆ ಇರುವುದಿಲ್ಲ. ಈ ಜಗಳದಲ್ಲಿ ಗೆಲ್ಲಿಸುವುದು ಕಾಯ್ದೆಯ ಸೆಕ್ಷನ್ ಅಲ್ಲ, ಬೀಗದ ಕೈ ಪಡೆದ ದಿನ ಮೀಟರಿನಲ್ಲಿ ಎಷ್ಟಿತ್ತು ಎಂಬ ಒಂದು ಅಂಕಿ.

ಕಾನೂನು ಗ್ರಾಹಕನ ಪರವಾಗಿಯೇ ಇದೆ. ಕೇಂದ್ರ ಸರ್ಕಾರ 2020ರ ಡಿಸೆಂಬರ್ ಕೊನೆಯಲ್ಲಿ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಸರಾಸರಿ ಬಿಲ್ ಎನ್ನುವುದು ತಾತ್ಕಾಲಿಕ ಬಿಲ್ ಮಾತ್ರ. ಒಂದು ಆರ್ಥಿಕ ವರ್ಷದಲ್ಲಿ ಇಂಥವು ಎರಡಕ್ಕಿಂತ ಹೆಚ್ಚು ಬರಕೂಡದು. ಮೀಟರ್ ಓದಿದ ಮೇಲೆ, ಅದುವರೆಗೆ ಕಟ್ಟಿದ ಹಣವನ್ನು ನಿಜವಾದ ಬಿಲ್ಲಿನಲ್ಲಿ ಹೊಂದಿಸಲೇಬೇಕು. ಬಾಗಿಲು ಹಾಕಿದ್ದರಿಂದ ರೀಡರ್ ಸತತ ಎರಡು ಸಲ ವಾಪಸ್ ಹೋದರೆ ಮೀಟರಿನ ಫೋಟೋವನ್ನು ನೋಂದಾಯಿತ ಮೊಬೈಲಿನಿಂದಲೋ ಇ-ಮೇಲಿನಿಂದಲೋ ನೀವೇ ಕಳಿಸಬಹುದು. ಕಳಿಸಿದ ಮೇಲೆ ಸರಾಸರಿ ಬಿಲ್ ಕೊಡುವಂತಿಲ್ಲ. ಆದರೆ ‘ನೋಂದಾಯಿತ ಮೊಬೈಲ್’ ಎಂಬಲ್ಲೇ ಹೊಸಬರಿಗೆ ಮೊದಲ ತೊಡಕು. ವಿದ್ಯುತ್ ಕಂಪನಿಯ (ಎಸ್ಕಾಂ) ದಾಖಲೆಯಲ್ಲಿ ಇನ್ನೂ ಇರುವುದು ಮನೆ ಮಾರಿದವರದೋ ಮಾಲೀಕರದೋ ನಂಬರು. ಅದನ್ನು ಬದಲಾಯಿಸಿಕೊಳ್ಳದೆ ಕಳಿಸಿದ ಫೋಟೋ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಹಣ ಕಳೆದುಕೊಳ್ಳುವ ಗುಂಡಿ ಇದೇ ನಿಯಮಗಳಲ್ಲಿ ಇನ್ನೊಂದು ಕಡೆ ಇದೆ. ಮನೆಯಲ್ಲಿ ವಾಸ ಮಾಡುವವರು ಬದಲಾದಾಗ ‘ಸ್ಪೆಷಲ್ ರೀಡಿಂಗ್’ ಮಾಡಿಸಿಕೊಳ್ಳುವ ಹೊಣೆಯನ್ನು ನಿಯಮ ಗ್ರಾಹಕನ ಮೇಲೆ ಹೊರಿಸಿದೆ. ಅರ್ಜಿ ಕೊಟ್ಟರೆ ಕಂಪನಿ ಬಂದು ಓದಿ, ಅಂದಿನವರೆಗಿನ ಬಾಕಿಯೆಲ್ಲ ಸೇರಿಸಿ ಅಂತಿಮ ಬಿಲ್ ಕೊಡಬೇಕು. ಆ ಬಿಲ್ ಕೊಟ್ಟ ಮೇಲೆ ಅದಕ್ಕೆ ಹಿಂದಿನ ಅವಧಿಗೆ ಇನ್ನೊಂದು ಪೈಸೆ ಕೇಳುವ ಹಕ್ಕು ಕಂಪನಿಗೆ ಉಳಿಯುವುದಿಲ್ಲ. ಇಷ್ಟು ಗಟ್ಟಿಯಾದ ರಕ್ಷಣೆ ಗ್ರಾಹಕನಿಗೆ ಬೇರೆಲ್ಲೂ ಸಿಕ್ಕಿಲ್ಲ, ಆದರೆ ಇದರ ಬಗ್ಗೆ ಉಪವಿಭಾಗದ ಕಚೇರಿಯ ಗೋಡೆಯ ಮೇಲೆ ಒಂದು ಚೀಟಿಯೂ ಕಾಣುವುದಿಲ್ಲ. ಕ್ರಯಪತ್ರ ಮಾಡಿಸುವಾಗ ಋಣಭಾರ ಪತ್ರಕ್ಕೆ ಓಡಾಡುವ ಜನ ಮೀಟರಿನ ಋಣ ಕೇಳುವುದೇ ಇಲ್ಲ. ಹಳೆಯವರ ಬಾಕಿ ನಮಗೇಕೆ ಎಂಬ ವಾದ ನ್ಯಾಯಾಲಯದಲ್ಲೂ ಪೂರ್ತಿ ನಿಲ್ಲುವುದಿಲ್ಲ. ಕೆ.ಸಿ. ನಿನಾನ್ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ನಿಯಮದಲ್ಲಿ ಅವಕಾಶ ಇದ್ದರೆ, ಹಿಂದಿನ ಮಾಲೀಕನ ಬಾಕಿ ತೀರಿಸದೆ ಹೊಸಬನಿಗೆ ಸಂಪರ್ಕ ಕೊಡುವುದಿಲ್ಲ ಎಂದು ಕಂಪನಿ ಹೇಳಬಹುದು ಎಂದಿತು. ಎರಡು ವರ್ಷ ಕಳೆದ ಬಾಕಿ ಸತ್ತ ಹಾಗೆ ಎಂದು ಯಾರಾದರೂ ಧೈರ್ಯ ಹೇಳಿದರೆ ಅದನ್ನೂ ಅರ್ಧ ಮಾತ್ರ ನಂಬಿ. ಆ ಮಿತಿ ಕಂಪನಿ ಕರೆಂಟ್ ಕೀಳದಂತೆ ತಡೆಯುತ್ತದೆ, ಬೇರೆ ದಾರಿಯಲ್ಲಿ ವಸೂಲಿ ಮಾಡುವುದನ್ನು ತಡೆಯುವುದಿಲ್ಲ ಎಂದು 2020ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಹಾಗಾಗಿ ಮನೆ ಹೊಕ್ಕ ದಿನ ಮಾಡಬೇಕಾದ ಕೆಲಸ ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಎದುರು. ಅಲ್ಲಿ ಸಾಲಾಗಿ ನಾಲ್ಕೋ ಆರೋ ಮೀಟರ್ ಇದ್ದರೆ ಯಾವುದು ನಿಮ್ಮದು ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಮಾಲೀಕರು ಬೆರಳು ತೋರಿಸಿದ್ದು ಸಾಲದು. ಮನೆಯೊಳಗೆ ಒಂದೆರಡು ದೀಪ, ಫ್ಯಾನು ಹಾಕಿ ಬನ್ನಿ. ಮೀಟರಿನಲ್ಲಿ ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಳಗೆ ಯಾರಾದರೂ ಮೇನ್ ಸ್ವಿಚ್ ಆರಿಸಿದಾಗ ಯಾವುದರ ಮಿಣುಕು ನಿಲ್ಲುತ್ತದೋ ಅದು ನಿಮ್ಮ ಮೀಟರು. ಅದರ ಮೇಲಿನ ಕ್ರಮಸಂಖ್ಯೆ ಬಿಲ್ಲಿನಲ್ಲಿರುವ ಸಂಖ್ಯೆಗೆ ಹೊಂದದಿದ್ದರೆ, ಇಷ್ಟು ದಿನ ಆ ಮನೆಯವರು ಪಕ್ಕದವರ ಬಿಲ್ ಕಟ್ಟಿರಬಹುದು, ಅದು ಬೇರೆಯೇ ತಕರಾರು. ಹೊಂದಿದರೆ ಪರದೆಯ ಮೇಲೆ ಸರದಿಯಲ್ಲಿ ಬರುವ ಅಂಕಿಗಳಲ್ಲಿ ಕೆಡಬ್ಲ್ಯುಎಚ್ ಎಂದು ತೋರಿಸುವುದನ್ನೇ ಕಾದು ಫೋಟೋ ತೆಗೆಯಿರಿ. ವೋಲ್ಟೇಜನ್ನೋ ತಾರೀಖನ್ನೋ ಹಿಡಿದ ಫೋಟೋ ಯಾವ ಕೆಲಸಕ್ಕೂ ಬಾರದು. ಕ್ರಮಸಂಖ್ಯೆ ಅದೇ ಚಿತ್ರದಲ್ಲಿ ಕಾಣಲಿ. ಆ ಅಂಕಿಯನ್ನು ಬಾಡಿಗೆ ಕರಾರಿನಲ್ಲೋ, ಸ್ವಾಧೀನ ಕೊಟ್ಟ ಪತ್ರದಲ್ಲೋ ಬರೆಸಿ ಇಬ್ಬರೂ ಸಹಿ ಹಾಕಿ. ಸ್ಪೆಷಲ್ ರೀಡಿಂಗ್ ಅರ್ಜಿಯನ್ನು ಹೇಗೂ ಕೊಡಿ, ಆದರೆ ಕಚೇರಿಯವರು ಬರುವವರೆಗೆ ಕಾಯುತ್ತ ಫೋಟೋ ತೆಗೆಯದೆ ಕೂರಬೇಡಿ.

ಕಚೇರಿಯಲ್ಲಿ ಕೇಳುವ ಆಕ್ಷೇಪಗಳು ಮೂರು ನಾಲ್ಕೇ. ‘ಮೀಟರ್ ನಿಮ್ಮ ಹೆಸರಲ್ಲಿಲ್ಲ, ಮಾಲೀಕರನ್ನು ಕಳಿಸಿ’ ಎನ್ನುವುದು ಮೊದಲನೆಯದು. 2003ರ ವಿದ್ಯುತ್ ಕಾಯ್ದೆಯ 2(15)ನೇ ಸೆಕ್ಷನ್ ಗ್ರಾಹಕ ಎಂದರೆ ಹೆಸರಿದ್ದವನು ಮಾತ್ರ ಎನ್ನುವುದಿಲ್ಲ, ಯಾರ ಮನೆಗೆ ಸದ್ಯ ಸಂಪರ್ಕ ಇದೆಯೋ ಅವನನ್ನೂ ಸೇರಿಸುತ್ತದೆ. ಆದರೂ ಮಾಲೀಕರಿಂದ ಎರಡು ಸಾಲಿನ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ, ಗುಮಾಸ್ತರ ಜೊತೆ ಸೆಕ್ಷನ್ ಚರ್ಚಿಸುವುದು ಸಮಯ ಹಾಳು. ಎರಡನೆಯದು ‘ಕೇಂದ್ರದ ನಿಯಮ ನಮಗೆ ಅನ್ವಯಿಸುವುದಿಲ್ಲ, ನಮಗೆ ಕೆಇಆರ್‌ಸಿ’ ಎಂಬುದು. ಆ ನಿಯಮಗಳು ಹುಟ್ಟಿದ್ದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಯಾವ ಕಾಯ್ದೆಯಡಿ ಕೆಲಸ ಮಾಡುತ್ತಿದೆಯೋ ಅದೇ ಕಾಯ್ದೆಯಡಿ. ‘ಸಿಸ್ಟಮ್ಮಿನಲ್ಲಿ ಬಂದಿದೆ, ನಾವೇನೂ ಮಾಡೋಕಾಗಲ್ಲ’ ಎನ್ನುವುದು ವಾದವೇ ಅಲ್ಲ. ಆದರೆ ಒಂದು ಆಕ್ಷೇಪದಲ್ಲಿ ಹುರುಳಿದೆ: ದಿನಕ್ಕೆ ನೂರಾರು ಮನೆ ಸುತ್ತುವ ರೀಡರ್ ಬೀಗ ಹಾಕಿದ ಗೇಟು ಹಾರಿ ಒಳಗೆ ಹೋಗಲಾರ. ಒಪ್ಪಬೇಕಾದದ್ದೇ. ಮೊದಲ ತಿಂಗಳ ಸರಾಸರಿ ಬಿಲ್ ತಪ್ಪೇನಲ್ಲ. ಮೂರನೆಯ ತಿಂಗಳೂ ಅದೇ ಬಂದರೆ, ಗೇಟಿನ ಹೊರಗೇ ಮೀಟರ್ ಇರುವ ಮನೆಗೂ ‘ಡೋರ್ ಲಾಕ್’ ಬಂದರೆ, ಆಗ ತಪ್ಪು.

ಮೂರನೆಯ ಸರಾಸರಿ ಬಿಲ್ ಬಂದರೆ ಹಣ ಕಟ್ಟದಿರುವ ಹಕ್ಕನ್ನೂ ಕೇಂದ್ರದ ಆ ನಿಯಮಗಳು ಕೊಟ್ಟಿವೆ. ಇದನ್ನು ಎಲ್ಲೋ ಕೇಳಿಸಿಕೊಂಡವರು ಸುಮ್ಮನೆ ಕಟ್ಟುವುದನ್ನು ನಿಲ್ಲಿಸುತ್ತಾರೆ, ಬಾಯಿಬಿಟ್ಟು ಯಾರಿಗೂ ಹೇಳುವುದಿಲ್ಲ. ಲೈನ್‌ಮನ್ ಕೈಯಲ್ಲಿರುವ ಬಾಕಿದಾರರ ಪಟ್ಟಿಗೆ ನಿಯಮ ಗೊತ್ತಿಲ್ಲ, ಅವನು ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಆದ್ದರಿಂದ ಮೊದಲು ಬರವಣಿಗೆ, ಆಮೇಲೆ ಹಕ್ಕು. ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಕರೆಂಟ್ ಕೀಳುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಬೇಕು. ‘ಇವತ್ತು ರಾತ್ರಿ ಒಂಬತ್ತೂವರೆಗೆ ಕಟ್’ ಎಂಬ ಮೆಸೇಜು ವಂಚಕರದು, ಅದರಲ್ಲಿನ ನಂಬರಿಗೆ ಫೋನ್ ಮಾಡಬೇಡಿ. ಬಿಲ್ಲಿನಲ್ಲಿರುವ ಸಣ್ಣಕ್ಷರವೇ ನೋಟಿಸ್ ಎಂದು ಅಧಿಕಾರಿಗಳು ವಾದಿಸುವುದುಂಟು, ಹಾಗಾಗಿ ದಿನ ಎಣಿಸುವುದನ್ನು ಬಿಲ್ ಬಂದಂದೇ ಶುರುಮಾಡಿ. ತಕರಾರು ಇತ್ಯರ್ಥ ಆಗುವವರೆಗೆ, ಕೇಳಿದ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಠೇವಣಿ ಇಟ್ಟರೆ ಕರೆಂಟ್ ಕೀಳುವಂತಿಲ್ಲ. ಹೊಸಬರಿಗೆ ಇಲ್ಲೂ ಒಂದು ಕೊಕ್ಕೆ: ನೀವು ಕಟ್ಟಿದ ಆರು ತಿಂಗಳೇ ಇಲ್ಲ. ಆಗ ಮನೆ ಹೊಕ್ಕ ದಿನದ ರೀಡಿಂಗಿನಿಂದ ಇವತ್ತಿನವರೆಗಿನ ಯೂನಿಟ್ಟಿಗೆ ಲೆಕ್ಕ ಹಾಕಿ, ಆ ಮೊತ್ತವನ್ನು ತೆಗೆದುಕೊಳ್ಳಿ ಎಂದು ಬರೆದು ಕೊಡಿ. ಒಪ್ಪದಿದ್ದರೆ ಪೂರ್ತಿ ಕಟ್ಟಿ, ಆದರೆ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಪತ್ರ ಕೊಡದೆ ಆ್ಯಪಿನಲ್ಲಿ ಒತ್ತಿ ಕಟ್ಟಬೇಡಿ.

ರಾಜ್ಯದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇರುವವರು ಇನ್ನೂ ಎಚ್ಚರ ಇರಬೇಕು. ಮನೆ ಹೊಕ್ಕಾಗ 4,312 ಇದ್ದದ್ದು ಮೂರು ತಿಂಗಳಿಗೆ 4,540 ಆಯಿತು ಎನ್ನಿ. ಬಳಕೆ 228 ಯೂನಿಟ್, ತಿಂಗಳಿಗೆ 76. ರೀಡರ್ ಕೊನೆಗೂ ಬಂದು ಅಷ್ಟನ್ನೂ ಒಂದೇ ತಿಂಗಳ ಲೆಕ್ಕಕ್ಕೆ ಹಾಕಿದರೆ 200 ಯೂನಿಟ್ಟಿನ ಮಿತಿ ದಾಟಿತು, ಉಚಿತ ಎನ್ನುವುದೇ ಹೋಯಿತು. ಬಳಕೆಯನ್ನು ಮೂರು ತಿಂಗಳಿಗೆ ಹಂಚಿ ಬಿಲ್ ಮಾಡಿ ಎಂದು ಅರ್ಜಿಯಲ್ಲಿ ಬೇರೆಯಾಗಿಯೇ ಕೇಳಿ.

ಅರ್ಜಿ ಕೊಡುವುದು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೆ, ಎರಡು ಪ್ರತಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು. ‘ಇಟ್ಟು ಹೋಗಿ, ನೋಡ್ತೀವಿ’ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 1912ಕ್ಕೆ ಕರೆ ಮಾಡಿದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಬರೀ ಕರೆಯನ್ನು ನಂಬಿ ಕೂರಬೇಡಿ. ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ‘ಐನೂರು ಕೊಡಿ, ಸರಿ ಮಾಡಿಸ್ತೀನಿ’ ಎನ್ನುವವನು ಮಾಡಿಸುವುದು ಕಂತುಗಳನ್ನು, ಬಿಲ್ ತಿದ್ದುಪಡಿಯನ್ನಲ್ಲ. ಕಂತಿಗೆ ಸಹಿ ಹಾಕಿದರೆ ಬಾಕಿ ಒಪ್ಪಿಕೊಂಡಂತೆ. ಉತ್ತರ ಬರದಿದ್ದರೆ ಎಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲಿ ವಕೀಲರು ಬೇಕೇ ಬೇಕು ಎಂದೇನಿಲ್ಲ, ಇದನ್ನು ವಕೀಲನೇ ಹೇಳುತ್ತಿದ್ದೇನೆ. ವೇದಿಕೆಯ ಆದೇಶ ಸರಿಕಾಣದಿದ್ದರೆ 30 ದಿನಗಳೊಳಗೆ ವಿದ್ಯುತ್ ಓಂಬುಡ್ಸ್‌ಮನ್. ಆದರೆ ಬಿಲ್ಲಿನ ಮೇಲೆ 126ನೇ ಸೆಕ್ಷನ್ ಎಂದಿದ್ದರೆ ಅದು ಅನಧಿಕೃತ ಬಳಕೆಯ ಆರೋಪ. ಅದರ ದಾರಿ ಬೇರೆ, ಅದಕ್ಕೆ ಮಾತ್ರ ತಡಮಾಡದೆ ವಕೀಲರನ್ನು ನೋಡಿ.

ಮನೆ ಹೊಕ್ಕು ತಿಂಗಳುಗಳಾಗಿವೆ, ಫೋಟೋ ತೆಗೆದಿಲ್ಲ ಎನ್ನುವವರೂ ಕೈಚೆಲ್ಲಬೇಕಿಲ್ಲ. ಹಳೆಯ ಬಿಲ್‌ಗಳಲ್ಲಿ ಕೊನೆಯ ಬಾರಿ ನಿಜವಾಗಿ ಓದಿದ ಅಂಕಿ ಯಾವುದೆಂದು ಹುಡುಕಿ. ಇವತ್ತು ರಾತ್ರಿ ಒಂದು ಫೋಟೋ, ಸರಿಯಾಗಿ 30 ದಿನ ಬಿಟ್ಟು ಅದೇ ಹೊತ್ತಿಗೆ ಇನ್ನೊಂದು. ಆ ಎರಡರ ನಡುವಿನ ವ್ಯತ್ಯಾಸ ನಿಮ್ಮ ಮನೆಯ ಸರಾಸರಿ. ಅರ್ಜಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ.