ಹೊಸಬರ ಮುಂದೆ ತೆರೆಯುವ ಪೆಟ್ಟಿಗೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಆಟದಲ್ಲಿ ಸೋಲಿಸಬೇಕಾದ ಎದುರಾಳಿಯಾಗಲಿ, ಕಾಯಿ ನಡೆಸಿ ಮುಟ್ಟಬೇಕಾದ ಮನೆಯಾಗಲಿ ಇರುವುದಿಲ್ಲ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತು, ತಲಾ ಒಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆ, ಏನು ನುಡಿಯುತ್ತದೆ ಎಂಬುದನ್ನು ಆಯಾ ಹೊತ್ತಿಗೆ ಬಾಯಲ್ಲೇ ಹೇಳುತ್ತ ಹೋಗುತ್ತಾರೆ. ಊರು, ಕಾಡು, ಶತ್ರು, ಛತ್ರದ ಯಜಮಾನ ಮುಂತಾಗಿ ಉಳಿದ ಲೋಕವನ್ನೆಲ್ಲ ನಿರ್ವಹಿಸುವ ಹೊಣೆ ಒಬ್ಬರದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ವೇಷವಿಲ್ಲದೆ ಕುಳಿತು ಆಶುವಾಗಿ ಅರ್ಥ ಹೇಳುವ ತಾಳಮದ್ದಲೆಯನ್ನು ಕಂಡವರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸದು. ಆದರೆ ಅಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತಿರುವುದರಿಂದ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಿದರೂ ಕರ್ಣ ಬದುಕಿ ಉಳಿಯಲಾರ, ಇಲ್ಲಿಯಾದರೋ ಯಾರು ಉಳಿಯುತ್ತಾರೆಂಬುದನ್ನು ಆಡುವವರ ಜಾಣ್ಮೆಯೂ ಇಪ್ಪತ್ತು ಮುಖದ ಒಂದು ದಾಳವೂ ಸೇರಿ ತೀರ್ಮಾನಿಸುತ್ತವೆ.

ಈ ಆಟವನ್ನು ಪುಸ್ತಕ ಓದಿ ಕಲಿಯುವುದು ಕಷ್ಟವೆಂಬುದು ಅದು ಹುಟ್ಟಿದಾಗಿನಿಂದಲೇ ಇರುವ ದೂರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಮೊದಲ ಆವೃತ್ತಿ, ಪುಟ್ಟ ಗೊಂಬೆಸೈನ್ಯಗಳ ಯುದ್ಧದಾಟವನ್ನು ಆಗಲೇ ಬಲ್ಲವರನ್ನು ಉದ್ದೇಶಿಸಿ ಬರೆದದ್ದಾಗಿತ್ತು. 1977ರಲ್ಲಿ ಎರಿಕ್ ಹೋಮ್ಸ್ ಸಂಪಾದಿಸಿದ ಬೇಸಿಕ್ ಸೆಟ್ ಹೊಸಬರಿಗೆಂದೇ ಪಾತ್ರದ ಬೆಳವಣಿಗೆಯ ಮೊದಲ ಮೂರು ಹಂತಗಳಿಗೆ ಆಟವನ್ನು ಸೀಮಿತಗೊಳಿಸಿತು. ಬೇಡಿಕೆಗೆ ತಕ್ಕಷ್ಟು ದಾಳಗಳು ಸಿಗದೆ ಹೋದಾಗ ಅದರ ಕೆಲವು ಪೆಟ್ಟಿಗೆಗಳಲ್ಲಿ ದಾಳದ ಬದಲು, ಅಂಕಿ ಬರೆದ ರಟ್ಟಿನ ಚೂರುಗಳನ್ನು ಇಟ್ಟು ಮಾರಿದ್ದೂ ಉಂಟು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ರೂಪಿಸಿದ ಕೆಂಪು ಪೆಟ್ಟಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿಯಮಗಳ ಪಟ್ಟಿಯಿಂದಲ್ಲ, ಓದುಗ ಒಬ್ಬನೇ ಆಡಿಕೊಳ್ಳಬಹುದಾದ ಕಥೆಯಿಂದ ಪುಸ್ತಕವನ್ನು ಆರಂಭಿಸಿತು. ಅದರಲ್ಲಿ ನೆರವಿಗೆ ಬಂದ ಅಲೀನಾ ಎಂಬಾಕೆ ಬಾರ್ಗಲ್ ಎಂಬ ಮಾಂತ್ರಿಕನ ಕೈಯಲ್ಲಿ ಸಾಯುವ ಹೊತ್ತಿಗೆ ಓದುಗನಿಗೆ ತನಗರಿವಿಲ್ಲದೆಯೇ ಅರ್ಧ ಆಟ ಬಂದಿರುತ್ತಿತ್ತು.

ಇತ್ತೀಚಿನ ಪೆಟ್ಟಿಗೆಗಳಲ್ಲಿ 2014ರ ಸ್ಟಾರ್ಟರ್ ಸೆಟ್ ವಿಶೇಷವಾಗಿ ಗಮನಿಸತಕ್ಕದ್ದು. 32 ಪುಟಗಳ ನಿಯಮಪುಸ್ತಕ, 64 ಪುಟಗಳ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಎಂಬ ಸಾಹಸಕಥೆ, ಮೊದಲೇ ತುಂಬಿಟ್ಟ ಐದು ಕ್ಯಾರೆಕ್ಟರ್ ಶೀಟ್‌ಗಳು, ಅಂದರೆ ಪಾತ್ರದ ಬಲಾಬಲಗಳನ್ನು ನಮೂದಿಸಿದ ಹಾಳೆಗಳು, ಮತ್ತು ಆರು ದಾಳಗಳು, ಇಷ್ಟೇ ಅದರ ಸಾಮಗ್ರಿ. ಅದೇ ಆವೃತ್ತಿಯ ಪೂರ್ಣ ಆಟಗಾರರ ಕೈಪಿಡಿ 300 ಪುಟಗಳನ್ನು ಮೀರುತ್ತದೆ. ಹೊಸ ಪಾತ್ರವನ್ನು ಕಟ್ಟುವ ವಿಧಾನವಂತೂ ಪೆಟ್ಟಿಗೆಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇದನ್ನು ಕೊರತೆಯೆಂದು ದೂರಿದವರಿದ್ದಾರೆ. ಹೊಸಬರನ್ನು ಕೂರಿಸಿಕೊಂಡು ಆಡಿಸಿದ ಅನುಭವ ಹೇಳುವುದು ಇದಕ್ಕೆ ವ್ಯತಿರಿಕ್ತವಾಗಿದೆ: ಪೆಟ್ಟಿಗೆಯ ಗುಣವಿರುವುದೇ ಅದು ಕೈಬಿಟ್ಟ ವಿಷಯಗಳಲ್ಲಿ, ಮತ್ತು ಆಟ ನಡೆಸುವವರು ಅದಕ್ಕಿಂತಲೂ ಹೆಚ್ಚನ್ನು ಕೈಬಿಡಲು ಸಿದ್ಧರಿರಬೇಕು.

ಆಟ ತಿಳಿದವರಿಗೆ ಸಹಜವಾಗಿ ಬರುವ ಪ್ರವೃತ್ತಿಯೆಂದರೆ ಮೊದಲು ನಿಯಮ ವಿವರಿಸಿ ಆಮೇಲೆ ಕಥೆ ತೊಡಗುವುದು. ಶಕ್ತಿ, ಚುರುಕು, ಮೈಕಸುವು, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳು, ಪ್ರತಿಯೊಂದಕ್ಕೂ ಒಂದು ಅಂಕ, ಆ ಅಂಕದಿಂದ ಹುಟ್ಟುವ ಇನ್ನೊಂದು ಅಂಕ ಎಂದು ವಿವರಣೆ ಸಾಗುತ್ತಿರುವಾಗ ಕೇಳುವವರ ಕೈ ಒಂದೊಂದಾಗಿ ಮೊಬೈಲಿನತ್ತ ಹೋಗುವುದನ್ನು ಯಾವ ಮೇಜಿನಲ್ಲಾದರೂ ನೋಡಬಹುದು. ಪಾತ್ರ ಹಂಚುವಾಗ ಅಂಕಗಳನ್ನು ಬದಿಗಿಟ್ಟು ಹಾಳೆಯಲ್ಲಿರುವ ಹಿನ್ನೆಲೆಯನ್ನಷ್ಟೇ ಹೇಳಿದರೆ ಪರಿಣಾಮ ಬೇರೆಯಾಗುತ್ತದೆ: ಈ ಕುಳ್ಳ ಪೂಜಾರಿಗೆ ಗಣಿ ಹುಡುಕಹೊರಟ ಸೋದರರು ಹತ್ತಿರದ ನೆಂಟರು, ಈ ಕಳ್ಳನಿಗೆ ರೆಡ್‌ಬ್ರ್ಯಾಂಡ್ಸ್ ಎಂಬ ಪುಂಡರ ಗುಂಪಿನೊಂದಿಗೆ ತೀರಿಸಿಕೊಳ್ಳಬೇಕಾದ ಹಳೆಯ ಲೆಕ್ಕವಿದೆ, ಇಷ್ಟು ಸಾಕು. ಹಾಳೆಯಲ್ಲಿ ಹೆಸರಿನ ಜಾಗ ಖಾಲಿ ಇರುವುದು ಒಳ್ಳೆಯದೇ ಆಯಿತು, ಏಕೆಂದರೆ ಹೆಸರಿಟ್ಟವರು ಪಾತ್ರವನ್ನು ಬೇಗನೆ ಬಿಟ್ಟುಕೊಡುವುದಿಲ್ಲ.

ಸಾಹಸದ ಮೊದಲ ದೃಶ್ಯವೂ ಈ ದೃಷ್ಟಿಯಿಂದ ಜಾಣತನದ್ದು. ಫ್ಯಾಂಡಲಿನ್ ಎಂಬ ಗಡಿಯೂರಿಗೆ ಸರಕಿನ ಗಾಡಿ ಹೊಡೆದುಕೊಂಡು ಹೋಗುವ ತಂಡಕ್ಕೆ ದಾರಿಗಡ್ಡವಾಗಿ ಸತ್ತುಬಿದ್ದ ಎರಡು ಕುದುರೆಗಳು ಕಾಣುತ್ತವೆ. ಅವುಗಳ ಮೈಯಲ್ಲಿ ಕಪ್ಪು ಗರಿಯ ಬಾಣಗಳು ನೆಟ್ಟಿರುತ್ತವೆ, ಅಕ್ಕಪಕ್ಕದ ಪೊದೆಗಳಲ್ಲಿ ನಾಲ್ಕು ಗಾಬ್ಲಿನ್‌ಗಳು, ಅಂದರೆ ಕುಳ್ಳ ಪಿಶಾಚದಂಥ ಜೀವಿಗಳು, ಅಡಗಿರುತ್ತವೆ. ಇಲ್ಲಿ 'ಈಗ ಏನು ಮಾಡಬಹುದು?' ಎಂದು ಹೊಸಬರು ಕೇಳಿದಾಗ ಹಾಳೆಯ ಮೇಲಿನ ಆಯ್ಕೆಗಳನ್ನು ಓದಿ ಹೇಳಿದರೆ ಅವರು ಅದರಲ್ಲೊಂದನ್ನು ಆರಿಸಿ ಸುಮ್ಮನಾಗುತ್ತಾರೆ. 'ಗಾಡಿ ನಿಂತಿದೆ, ಎತ್ತು ಬೆದರ್ತಿದೆ, ಇಳೀತೀರಾ, ಕೂತೇ ಇರ್ತೀರಾ?' ಎಂದರೆ ಗಾಡಿಯಡಿ ನುಸುಳುವವರು, ಸತ್ತ ಕುದುರೆಯ ಮರೆ ಹಿಡಿಯುವವರು, ಎತ್ತನ್ನು ಸಮಾಧಾನಪಡಿಸಲು ಹೋಗುವವರು, ಹೀಗೆ ಪುಸ್ತಕದಲ್ಲಿಲ್ಲದ ಉತ್ತರಗಳು ಬರತೊಡಗುತ್ತವೆ. ನಿಯಮ ಬೇಕಾಗುವುದು ಮೊದಲ ಬಾಣ ಬಿಟ್ಟಾಗ. ಗಾಬ್ಲಿನ್‌ನ ಆರ್ಮರ್ ಕ್ಲಾಸ್, ಎಂದರೆ ಏಟು ತಾಗಲು ಮುಟ್ಟಬೇಕಾದ ಅಂಕ, 15. ಕಳ್ಳನ ಬಾಣಕ್ಕೆ 5 ಸೇರುತ್ತದೆ. ಆದ್ದರಿಂದ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು, ಅಂದರೆ ಇಪ್ಪತ್ತರಲ್ಲಿ ಹನ್ನೊಂದು ಅವಕಾಶ. ಈ ಒಂದು ಲೆಕ್ಕವನ್ನು ಕೈಯಲ್ಲಿ ದಾಳ ಹಿಡಿದಾಗ ಹೇಳಿದರೆ ಎರಡನೆಯ ಸಲ ಹೇಳಬೇಕಾಗುವುದಿಲ್ಲ, ಮತ್ತು ಆಟದ ಮುಕ್ಕಾಲು ಭಾಗ ಇದೇ ಲೆಕ್ಕದ ರೂಪಾಂತರ.

ಕನ್ನಡ ಮಾತಾಡುವ ಗುಂಪಿಗೆ ಇನ್ನೊಂದು ತೊಡಕಿದೆ. ಪೆಟ್ಟಿಗೆಯ ಪುಸ್ತಕ ಇಂಗ್ಲಿಷಿನದು, ಅದರಲ್ಲಿ ಚೌಕಟ್ಟು ಹಾಕಿ ಮುದ್ರಿಸಿದ ವರ್ಣನೆಗಳನ್ನು ಗಟ್ಟಿಯಾಗಿ ಓದಬೇಕೆಂಬ ಸೂಚನೆಯೂ ಇದೆ. ಅದನ್ನು ಹಾಗೆಯೇ ಓದಿದಾಗ ಮೇಜು ತರಗತಿಯ ಬಿಗಿಗೆ ಬರುತ್ತದೆ, ಇಂಗ್ಲಿಷ್ ಚೆನ್ನಾಗಿ ಬಲ್ಲವರು ಕೂಡ ಪಾತ್ರದ ಬಾಯಲ್ಲಿ ಮಾತಾಡಲು ಹಿಂಜರಿಯುತ್ತಾರೆ. ವರ್ಣನೆಯನ್ನು ಮೊದಲೇ ಓದಿಕೊಂಡು ಮನೆಮಾತಿನಲ್ಲಿ ಹೇಳುವುದೇ ಲೇಸು. ಹಾಳೆಯಲ್ಲಿರುವ ಪದಗಳನ್ನು ಹಾಗೇ ಬಿಟ್ಟರೂ ಅಡ್ಡಿಯಿಲ್ಲ. 'ಹಿಟ್ ಪಾಯಿಂಟ್ ಎಷ್ಟು ಉಳೀತು?' ಎಂದು, ಅಂದರೆ ಪ್ರಾಣದ ಅಂಕ ಎಷ್ಟು ಉಳಿಯಿತೆಂದು, ಕೇಳುವುದರಲ್ಲಿ ಯಾರಿಗೂ ಮುಜುಗರವಿಲ್ಲ.

ದಾಳ ಎಲ್ಲಿ ಬೇಡವೆಂಬುದನ್ನೂ ತಿಳಿದಿರಬೇಕು. ಕಾಳಗ ಮುಗಿದ ಮೇಲೆ ಗಾಬ್ಲಿನ್‌ಗಳ ಕಾಲುದಾರಿ ತಂಡಕ್ಕೆ ಸಿಗಲೇಬೇಕು, ಇಲ್ಲವಾದರೆ ಕಥೆ ಅಲ್ಲೇ ನಿಲ್ಲುತ್ತದೆ. ದಾರಿಯನ್ನು ಹಾಗೆಯೇ ಕೊಟ್ಟು, ಅಲ್ಲಿ ಎಷ್ಟು ಜನ ಓಡಾಡಿದ್ದಾರೆ, ಯಾರನ್ನಾದರೂ ಎಳೆದೊಯ್ದಿದ್ದಾರೆಯೇ ಎಂಬ ಹೆಚ್ಚಿನ ವಿವರಕ್ಕೆ ಮಾತ್ರ ದಾಳ ಉರುಳಿಸುವುದು ಸರಿಯಾದ ಕ್ರಮ. ಸೋತರೂ ಮುಂದೆ ಸಾಗಬಹುದಾದಲ್ಲಿ ಮಾತ್ರ ಹೊಸಬರ ಕೈಗೆ ದಾಳ ಕೊಡಬೇಕೆಂಬ ಈ ಎಚ್ಚರ ಪುಸ್ತಕದ ನಿಯಮಗಳಿಗಿಂತ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಪಾತ್ರ ಸಾಯುವ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮೊದಲ ಹಂತದ ಮಾಂತ್ರಿಕನ ಹಿಟ್ ಪಾಯಿಂಟ್ ಒಂದಂಕಿಯನ್ನು ದಾಟುವುದಿಲ್ಲ. ಗಾಬ್ಲಿನ್‌ನ ಒಂದು ಬಾಣ 3ರಿಂದ 8ರವರೆಗೆ ಕಳೆಯುತ್ತದೆ, ಆ ಕಾಲುದಾರಿ ತಲುಪುವ ಗುಹೆಯೊಳಗಿನ ಕ್ಲಾರ್ಗ್ ಎಂಬ ನಾಯಕನ ಮುಳ್ಳುಗದೆಯ ಏಟು 18ರವರೆಗೂ ಹೋಗಬಲ್ಲದು. ಅಂಕ ಸೊನ್ನೆಗಿಳಿದ ಪಾತ್ರ ಮೂರ್ಛೆ ಹೋಗಿ, ಪ್ರತಿ ಸರದಿಗೆ ದಾಳ ಹಾಕಿ, ಮೂರು ಸಲ ಗೆದ್ದರೆ ಉಳಿಯುತ್ತದೆ, ಮೂರು ಸಲ ಸೋತರೆ ಅಳಿಯುತ್ತದೆ. ದಾರಿಯ ಕಾಳಗದಲ್ಲಿ ತಂಡವೇ ಸೋತರೆ ಗಾಬ್ಲಿನ್‌ಗಳು ಕೊಲ್ಲದೆ ದೋಚಿಕೊಂಡು ಹೋಗುತ್ತವೆಂದು ಪುಸ್ತಕವೇ ಸೂಚಿಸಿರುವುದು ಸರಿಯಾಗಿಯೇ ಇದೆ. ಗುಹೆಯಲ್ಲಿ ಮಾತ್ರ ಕರುಣೆ ತೋರಬೇಕಾದ್ದಿಲ್ಲ. ಕದ್ದುಮುಚ್ಚಿ ದಾಳದ ಅಂಕ ಬದಲಿಸುವುದನ್ನು ಹೊಸಬರು ಬೇಗ ಪತ್ತೆಹಚ್ಚುತ್ತಾರೆ, ಹಚ್ಚಿದ ಮೇಲೆ ಯಾವ ಗೆಲುವನ್ನೂ ನಂಬುವುದಿಲ್ಲ. ಓಡಿಹೋಗುವ ದಾರಿಯೂ ಇದೆ ಎಂಬುದನ್ನು ಮುಂಚಿತವಾಗಿ ತೋರಿಸಿಕೊಟ್ಟರೆ ಸಾಕು.

ಯಾವ ಪೆಟ್ಟಿಗೆ ಎಂಬುದು ಮೇಜಿನಲ್ಲಿರುವ ಜನರನ್ನು ಅವಲಂಬಿಸಿದೆ. ಇಬ್ಬರೇ ಇದ್ದರೆ 2019ರ ಎಸೆನ್ಷಿಯಲ್ಸ್ ಕಿಟ್ ಅನುಕೂಲ, ಏಕೆಂದರೆ ಒಬ್ಬ ಆಟಗಾರನ ಜೊತೆಗೆ ಸಹಾಯಕ ಪಾತ್ರವೊಂದನ್ನು ನೀಡುವ ನಿಯಮ ಅದರಲ್ಲಿದೆ. ಇಂಥ ಆಟವನ್ನು ಬಲ್ಲವರು ಒಬ್ಬರೂ ಇಲ್ಲದ ಕಡೆ ಕೇಯಾಸಿಯಂ ಪ್ರಕಾಶನದ 'ಕಾಲ್ ಆಫ್ ಕ್ಥುಲ್ಹು' ಸ್ಟಾರ್ಟರ್ ಸೆಟ್ ಹೆಚ್ಚು ಯೋಗ್ಯವೆನ್ನಬಹುದು. ಕತ್ತಿ ಹಿಡಿದ ವೀರರಿಲ್ಲದ, ಭಯಾನಕ ರಸದ ಈ ಆಟದ ಪೆಟ್ಟಿಗೆಯಲ್ಲಿ ಮೊದಲು ಸಿಗುವುದು ಒಬ್ಬರೇ ಓದುತ್ತ ಆಡುವ ಕಥೆ, ಮೆಂಟ್ಜರ್ ಹಿಡಿದ ಹಾದಿಯದೇ. ಓದುತ್ತಿರುವಂತೆ ತುಸು ತುಸುವಾಗಿ ಪಾತ್ರದ ಹಾಳೆ ತುಂಬುತ್ತದೆ, ಆಯ್ದುಕೊಂಡ ನಿರ್ಧಾರಕ್ಕೆ ತಕ್ಕಂತೆ ಬೇರೆ ಬೇರೆ ಸಂಖ್ಯೆಯ ಖಂಡಿಕೆಗಳಿಗೆ ಹೋಗಬೇಕಾಗುತ್ತದೆ, ಬಹುಪಾಲು ಸಲ ಪಾತ್ರ ಕೆಟ್ಟ ಕೊನೆಯನ್ನೇ ಕಾಣುತ್ತದೆ. ಮುಂದೆ ಆಟ ನಡೆಸಬೇಕಾದವರು ಇದನ್ನು ಒಂದು ಸಂಜೆ ಒಬ್ಬರೇ ಕುಳಿತು ಆಡಿ, ಒಂದೆರಡು ಸಲ ಸತ್ತು, ಆಮೇಲೆ ಉಳಿದವರನ್ನು ಮೇಜಿಗೆ ಕರೆಯುವುದು ಒಳ್ಳೆಯದು.