ಥೇಮ್ಸ್ ನದಿಯಲ್ಲಿ ನೌಕಾವಿಹಾರ

ಲಂಡನ್ ನಗರವನ್ನು ಕಾಣಬಯಸುವವರು ಥೇಮ್ಸ್ ನದಿಯಲ್ಲಿ ನೌಕಾವಿಹಾರ ಮಾಡುವುದುಂಟು. ವೆಸ್ಟ್‌ಮಿನ್‌ಸ್ಟರಿನಲ್ಲಿ ನೌಕೆಯನ್ನೇರಿ ಗ್ರೀನಿಚ್ ಕಡೆಗೆ ಸಾಗಿದರೆ ಸಂಸತ್ ಭವನ, ಸೇಂಟ್ ಪಾಲ್ ಇಗರ್ಜಿಯ ಗುಮ್ಮಟ, ಪ್ರಾಚೀನವಾದ ಕೋಟೆ ಒಂದಾದ ಮೇಲೊಂದು ಕಣ್ಣಿಗೆ ಬೀಳುತ್ತವೆ. 1894ರಲ್ಲಿ ಸಂಚಾರಕ್ಕೆ ತೆರೆದ ಟವರ್ ಸೇತುವೆಯು ಎತ್ತರವಾದ ಹಡಗುಗಳು ಬಂದಾಗ ನಡುವೆ ಇಬ್ಭಾಗವಾಗಿ ಮೇಲೆದ್ದು ದಾರಿ ಬಿಡುತ್ತದೆ.

ಆದರೆ ಈ ನದಿ ನಿಂತ ನೀರಿನ ಕೊಳವಲ್ಲ. ಸಮುದ್ರದ ಉಬ್ಬರವಿಳಿತಗಳು ನಗರದವರೆಗೂ ಮುಟ್ಟುವುದರಿಂದ ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಈ ಅಂತರವು 7 ಮೀಟರುಗಳಷ್ಟಾಗುವುದೂ ಉಂಟು. ವಿಹಾರನೌಕೆಗಳ ದಾರಿಯಲ್ಲಿಯೇ ಸರಕು ಹೊತ್ತ ದೊಡ್ಡ ನೌಕೆಗಳೂ ಸಂಚರಿಸುತ್ತವೆ. 1989ರ ಆಗಸ್ಟ್ 20ರಂದು, ರಾತ್ರಿ ಒಂದೂಮುಕ್ಕಾಲು ಗಂಟೆಯ ಸುಮಾರಿಗೆ, ಹುಟ್ಟುಹಬ್ಬದ ಸಂತೋಷಕೂಟ ನಡೆಯುತ್ತಿದ್ದ ‘ಮಾರ್ಷನೆಸ್’ ಎಂಬ ವಿಹಾರನೌಕೆಗೆ ಮರಳು ತೆಗೆಯುವ ಹಡಗೊಂದು ಬಡಿಯಿತು. ನೌಕೆಯು ಕ್ಷಣಮಾತ್ರದಲ್ಲಿ ಮುಳುಗಿ, 51 ಮಂದಿ ಅಸುನೀಗಿದರು. ಎರಡು ನೌಕೆಗಳಲ್ಲಿಯೂ ಸುತ್ತಲೂ ಕಣ್ಣಿಟ್ಟು ನೋಡುವ ಎಚ್ಚರ ಸಾಲದೆ ಹೋದುದೇ ಈ ಅನರ್ಥಕ್ಕೆ ಕಾರಣವೆಂದು ವಿಚಾರಣೆಯಿಂದ ತಿಳಿದುಬಂದಿತು.

ಆ ವಿಚಾರಣೆಯ ಫಲವಾಗಿ 2002ರಲ್ಲಿ ಥೇಮ್ಸ್ ತೀರದಲ್ಲಿ ಜೀವರಕ್ಷಕ ದೋಣಿಗಳ ನಾಲ್ಕು ಠಾಣೆಗಳು ಸ್ಥಾಪಿತವಾದುವು. ಕರೆ ಬಂದೊಡನೆ ಧಾವಿಸಲು ಅಲ್ಲಿ ರಕ್ಷಕರು ಹಗಲಿರುಳೂ ಸನ್ನದ್ಧರಾಗಿರುತ್ತಾರೆ. ವಿಹಾರಕ್ಕೆ ಹೊರಟವರ ನೆಮ್ಮದಿಯು ಚುಕ್ಕಾಣಿ ಹಿಡಿದವರ ಹಾಗೂ ದಡದಲ್ಲಿ ಕಾದಿರುವವರ ಎಚ್ಚರವನ್ನು ಅವಲಂಬಿಸಿದೆ.